ಹಳೇ ಪ್ರಿಂಟರು, ಹೊಸ ಕಂಪ್ಯೂಟರು: ರಸೀದಿ ಯಂತ್ರದ ಇತಿಹಾಸ

ಸಹಕಾರ ಸಂಘ ಎಂದರೆ ರಸೀದಿ. ಷೇರು ಹಣ ಕಟ್ಟಿದರೆ ರಸೀದಿ, ಸಾಲದ ಕಂತು ಕಟ್ಟಿದರೆ ರಸೀದಿ, ಗೊಬ್ಬರದ ಮೂಟೆ ಎತ್ತಿದರೂ ರಸೀದಿ. "ಬಾಯಿ ಮಾತು ಬೇಡ ಸ್ವಾಮಿ, ಚೀಟಿ ಕೊಡಿ" ಎಂದು ಕೇಳುವುದು ಸದಸ್ಯನ ಹಕ್ಕು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ಆಗ ಲೆಕ್ಕವೆಲ್ಲ ಮಸಿ, ಲೇಖನಿ, ಕೈಬರಹ. ಇಂದು ಆ ಕೆಲಸವನ್ನು ಕಂಪ್ಯೂಟರು, ಪ್ರಿಂಟರು ಮಾಡುತ್ತಿವೆ. ಕಂಪ್ಯೂಟರಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮೂಲೆಯಲ್ಲಿ ಕುಳಿತು ಕಿರ್ರ್ ಕಿರ್ರ್ ಎನ್ನುವ ಪ್ರಿಂಟರನ್ನು ಕೇಳುವವರಿಲ್ಲ. ಅದು ನಿಂತ ದಿನ ಮಾತ್ರ ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ. ಆದ್ದರಿಂದ ಈ ರಜತ ಮಹೋತ್ಸವದ ಸಂಚಿಕೆಯಲ್ಲಿ ಅದರ ಕಥೆಯನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ಈ ಸದ್ದು ಮಾಡುವ ಪ್ರಿಂಟರಿಗೆ ಡಾಟ್ ಮ್ಯಾಟ್ರಿಕ್ಸ್ ಎಂದು ಹೆಸರು. ಒಂದರ ಕೆಳಗೊಂದು ಜೋಡಿಸಿದ 9 ಅಥವಾ 24 ಸೂಜಿಗಳು ಶಾಯಿಪಟ್ಟಿಯ ಮೇಲೆ ಕುಟ್ಟುತ್ತವೆ. ಚುಕ್ಕಿ ಚುಕ್ಕಿ ಸೇರಿ ಅಕ್ಷರವಾಗುತ್ತದೆ, ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕುವ ಹಾಗೆ. ಕುಟ್ಟುವುದರಿಂದಲೇ ಕಾರ್ಬನ್ ಹಾಳೆಯ ಕೆಳಗಿನ ಪ್ರತಿಯೂ ಮೂಡುತ್ತದೆ. ಒಂದು ಪ್ರತಿ ಸದಸ್ಯನಿಗೆ, ಒಂದು ಸಂಘಕ್ಕೆ. ಲೇಸರ್ ಪ್ರಿಂಟರು ಎಷ್ಟೇ ಅಂದವಾಗಿ ಬರೆದರೂ ಈ ಕೆಲಸ ಅದರಿಂದಾಗದು. ಹಳೆಯದಾಯಿತು ಎಂದು ಇದನ್ನು ಗುಜರಿಗೆ ಹಾಕದಿರುವುದಕ್ಕೆ ಇದೇ ಕಾರಣ.

1970ರಲ್ಲಿ ಅಮೆರಿಕದ ಸೆಂಟ್ರಾನಿಕ್ಸ್ ಕಂಪನಿ ತನ್ನ ಪ್ರಿಂಟರನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆಂದು ಮಾಡಿದ ದಪ್ಪ ಕೇಬಲ್ಲಿನ ವ್ಯವಸ್ಥೆಯನ್ನೇ ಮುಂದೆ ಎಲ್ಲರೂ ಅನುಸರಿಸಿದರು. 1980ರಲ್ಲಿ ಜಪಾನಿನ ಎಪ್ಸನ್ ಕಂಪನಿಯ ಎಂ.ಎಕ್ಸ್. 80 ಬಂತು. 1981ರ ಆಗಸ್ಟಿನಲ್ಲಿ ಐ.ಬಿ.ಎಂ. ತನ್ನ ಮೇಜಿನ ಕಂಪ್ಯೂಟರನ್ನು ಹೊರತಂದಾಗ, ಅದರ ಜೊತೆಗೆ ತನ್ನ ಹೆಸರು ಹಚ್ಚಿ ಮಾರಿದ್ದು ಎಪ್ಸನ್ನಿನ ಇದೇ ಪ್ರಿಂಟರನ್ನು. ಹೀಗಾಗಿ ಎಪ್ಸನ್ ಪ್ರಿಂಟರಿನ ಭಾಷೆಯೇ ಊರ ಭಾಷೆಯಾಯಿತು. ಬೇರೆ ಕಂಪನಿಗಳೂ ತಮ್ಮ ಯಂತ್ರಗಳಿಗೆ ಅದನ್ನೇ ಕಲಿಸಿದವು. ನಮ್ಮ ದೇಶದಲ್ಲಿ ಟಿ.ವಿ.ಎಸ್. ಕಂಪನಿಯ ಎಂ.ಎಸ್.ಪಿ. ಮಾದರಿಗಳು ಬ್ಯಾಂಕು, ಅಂಗಡಿ, ಸಂಘಗಳ ಕೌಂಟರುಗಳಲ್ಲಿ ಮನೆ ಮಾತಾದವು.

ಡಾಸ್ ಕಾಲದಲ್ಲಿ ವ್ಯವಹಾರ ಸರಳ. ಲೆಕ್ಕದ ಪ್ರೋಗ್ರಾಮು ಎಲ್.ಪಿ.ಟಿ. 1 ಎಂಬ ಬಾಗಿಲಿಗೆ ಅಕ್ಷರಗಳನ್ನು ನೇರವಾಗಿ ಕಳಿಸುತ್ತಿತ್ತು. ಪ್ರಿಂಟರು ಬಂದದ್ದನ್ನು ಬಂದ ಹಾಗೆ ಹೊಡೆಯುತ್ತಿತ್ತು. 27ನೇ ಸಂಖ್ಯೆಯ ಗುಪ್ತ ಸಂಕೇತ ಮೊದಲು ಬಂದರೆ "ಮುಂದಿನದು ಅಕ್ಷರವಲ್ಲ, ಆಜ್ಞೆ" ಎಂದು ಅದು ತಿಳಿಯುತ್ತಿತ್ತು. ದಪ್ಪ ಮಾಡು, ಸಣ್ಣ ಮಾಡು ಎಂಬ ಹುಕುಂಗಳೆಲ್ಲ ಹೀಗೇ ಹೋಗುತ್ತಿದ್ದವು. ಆದರೆ ಅದರ ಹೊಟ್ಟೆಯೊಳಗೆ ಇದ್ದದ್ದು ಇಂಗ್ಲಿಷ್ ಅಕ್ಷರ. ಕನ್ನಡ ಬೇಕೆಂದರೆ ಅಕ್ಷರವನ್ನು ಚಿತ್ರದಂತೆ ಚುಕ್ಕಿ ಚುಕ್ಕಿಯಾಗಿ ಕಳಿಸಬೇಕು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡು ಡಾಸ್ ಕಾಲದಲ್ಲಿ ಈ ಅನುಕೂಲ ಒದಗಿಸಿತು. ಇಂಗ್ಲಿಷ್ ಚೀಟಿ ಸರಸರ ಬಂದು, ಕನ್ನಡ ಚೀಟಿ ನಿಧಾನವಾಗಿ ಬರುತ್ತಿದ್ದುದರ ಗುಟ್ಟು ಇದೇ.

ವಿಂಡೋಸ್ ಬಂದ ಮೇಲೆ ನಡುವೆ ಒಬ್ಬ ದುಭಾಷಿ ಸೇರಿಕೊಂಡ. ಅವನ ಹೆಸರು ಡ್ರೈವರ್. ಕಂಪ್ಯೂಟರಿನ ಮಾತನ್ನು ಪ್ರಿಂಟರಿನ ಮಾತಿಗೆ ತಿರುಗಿಸುವುದು ಅವನ ಕೆಲಸ. ವ್ಯವಸ್ಥೆ ಬದಲಾದರೆ ದುಭಾಷಿಯೂ ಹೊಸಬನಾಗಬೇಕು. ಪ್ರಿಂಟರು ಮಾಡಿದ ಕಂಪನಿ ಹೊಸ ದುಭಾಷಿಯನ್ನು ಬರೆದುಕೊಟ್ಟರೆ ಸರಿ. "ಆ ಮಾದರಿ ಹಳೆಯದು, ಹೊಸದು ಕೊಂಡುಕೊಳ್ಳಿ" ಎಂದರೆ ಗಟ್ಟಿಮುಟ್ಟಾದ ಯಂತ್ರವೂ ಮೂಕ. ಎತ್ತು ಚೆನ್ನಾಗಿದೆ, ನೊಗ ಮಾತ್ರ ಹೊಂದುವುದಿಲ್ಲ ಎಂಬಂತೆ.

ಈ ಕಷ್ಟ ಒಮ್ಮೆಗೇ ಬಂದದ್ದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬಂತು. 2001ರಲ್ಲಿ ಬಂದ ಎಕ್ಸ್.ಪಿ.ಯಲ್ಲಿ ಡಾಸ್ ಪ್ರೋಗ್ರಾಮುಗಳು ಹೇಗೋ ನಡೆದವು. 2007ರ ಜನವರಿಯಲ್ಲಿ ವಿಸ್ಟಾ ಬಂದಾಗ ಬಹಳ ಪ್ರಿಂಟರುಗಳಿಗೆ ಡ್ರೈವರ್ ಸಿಗದೆ ಜನ ಪೇಚಾಡಿದರು. ಕಂಪ್ಯೂಟರು 32 ಬಿಟ್ಟಿನಿಂದ 64 ಬಿಟ್ಟಿಗೆ ಹೋದಾಗ ಇನ್ನೊಂದು ಪೆಟ್ಟು: 32 ಬಿಟ್ಟಿನ ಡ್ರೈವರ್ 64ರಲ್ಲಿ ಕೂರದು, ಡಾಸಿನ 16 ಬಿಟ್ಟಿನ ಪ್ರೋಗ್ರಾಮು ಅಲ್ಲಿ ಏಳುವುದೇ ಇಲ್ಲ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಪೂರ್ತಿ 64 ಬಿಟ್ಟಿನದು. ಇದರ ನಡುವೆ ದಪ್ಪ ಕೇಬಲ್ಲಿನ ತೂತೇ ಹೊಸ ಕಂಪ್ಯೂಟರುಗಳಿಂದ ಮಾಯವಾಗಿ ಯು.ಎಸ್.ಬಿ. ಬಂತು. 2023ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ, ಪ್ರಿಂಟರ್ ಕಂಪನಿಗಳ ಡ್ರೈವರುಗಳನ್ನು ತನ್ನ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತ ಹಂತವಾಗಿ ಕಡಿಮೆ ಮಾಡುವುದಾಗಿ ಸಾರಿತು.

"ಹಾಗಾದರೆ ಹಳೇ ವಿಂಡೋಸೇ ಇರಲಿ, ಯಾರಿಗೆ ಬೇಕು ಹೊಸದು?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಎಕ್ಸ್.ಪಿ.ಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ಮುಗಿಯಿತು. ಬೆಂಬಲ ಮುಗಿದ ಕಂಪ್ಯೂಟರು ಬೇಲಿ ಮುರಿದ ಹೊಲ. 2017ರ ಮೇ 12ರಂದು ವನ್ನಾಕ್ರೈ ಎಂಬ ವೈರಸ್ಸು ಜಗತ್ತಿನ ತುಂಬ ಹರಡಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದಕ್ಕೆ ಮದ್ದು ಎರಡು ತಿಂಗಳ ಮೊದಲೇ ಬಂದಿತ್ತು, ಹಾಕಿಕೊಳ್ಳದವರೇ ಸಿಕ್ಕಿಬಿದ್ದರು. ಸದಸ್ಯರ ಠೇವಣಿ ಲೆಕ್ಕ ಇರುವ ಪೆಟ್ಟಿಗೆಯನ್ನು ಹಾಗೆ ಬಯಲಲ್ಲಿ ಇಡಲಾಗದು. ಒಂದು ಕಡೆ ಲೆಕ್ಕದ ಭದ್ರತೆ, ಇನ್ನೊಂದು ಕಡೆ ರಸೀದಿ. ಎರಡೂ ಸದಸ್ಯರದೇ.

ಎರಡನ್ನೂ ಉಳಿಸುವ ದಾರಿ ಇದೆ. ಡಾಟ್ ಮ್ಯಾಟ್ರಿಕ್ಸ್ ಆದರೆ ವಿಂಡೋಸಿನಲ್ಲೇ 'ಜೆನೆರಿಕ್ ಟೆಕ್ಸ್ಟ್ ಓನ್ಲಿ' ಎಂಬ ಸಾದಾ ಡ್ರೈವರ್ ಇದೆ. ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಅಷ್ಟು ಸಾಕು. ಎಪ್ಸನ್ ಭಾಷೆ ಬಲ್ಲ ಯಂತ್ರವಾದರೆ ಅದೇ ಜಾತಿಯ ಬೇರೆ ಮಾದರಿಯ ಡ್ರೈವರೂ ಬಹಳ ಸಲ ನಡೆಯುತ್ತದೆ. ದಪ್ಪ ಕೇಬಲ್ಲಿಗೆ ಯು.ಎಸ್.ಬಿ. ಪರಿವರ್ತಕ ಸಿಗುತ್ತದೆ. ಆದರೆ ಅದು ಎಲ್.ಪಿ.ಟಿ. 1 ಬಾಗಿಲಾಗಿ ಕಾಣುವುದಿಲ್ಲ, ಬೇರೆ ಬಾಗಿಲಾಗಿ ಕಾಣುತ್ತದೆ. ಆಗ ಪ್ರಿಂಟರನ್ನು ಹಂಚಿಕೆಗೆ ಬಿಟ್ಟು, 'ನೆಟ್ ಯೂಸ್' ಎಂಬ ಆಜ್ಞೆಯಿಂದ ಹಳೆ ಬಾಗಿಲಿನ ಹೆಸರನ್ನು ಅದಕ್ಕೆ ಕಟ್ಟಬಹುದು. ಹೊಸದು ಏನೂ ಒಗ್ಗದಿದ್ದರೆ ಹಳೇ ಕಂಪ್ಯೂಟರನ್ನೇ ಇಂಟರ್‌ನೆಟ್ಟಿನಿಂದ ಬಿಡಿಸಿ, ಹಳೆ ಲೆಕ್ಕ ನೋಡಲು, ಚೀಟಿ ಹೊಡೆಯಲು ಮಾತ್ರ ಇಟ್ಟುಕೊಳ್ಳುವುದು ಲೇಸು.

ಇನ್ನೊಂದು ದಾರಿ ಲಿನಕ್ಸ್. ಅದರಲ್ಲಿ ಮುದ್ರಣದ ಹೊಣೆ ಹೊತ್ತಿರುವ ಕಪ್ಸ್ ಎಂಬ ವ್ಯವಸ್ಥೆಯನ್ನು ಮೈಕಲ್ ಸ್ವೀಟ್ ಎಂಬವರು 1999ರಲ್ಲಿ ಬಿಡುಗಡೆ ಮಾಡಿದರು. ಕೆಲವು ಲೇಸರ್ ಪ್ರಿಂಟರುಗಳಿಗೆ ಸ್ವಂತ ಬುದ್ಧಿಯೂ ಕಡಿಮೆ. ಉದಾಹರಣೆಗೆ ಎಚ್.ಪಿ. 1020ಕ್ಕೆ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರೇ ಪಾಠ ಹೇಳಿ ಎಬ್ಬಿಸಬೇಕು. ಅಂಥವಕ್ಕೂ ರಿಕ್ ರಿಚರ್ಡ್‌ಸನ್ ಎಂಬವರು ಲಿನಕ್ಸಿಗೆ ಡ್ರೈವರ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು.

ಈ ಬಿಟ್ಟುಕೊಡುವ ಪದ್ಧತಿಯ ಹಿಂದೆಯೂ ಒಂದು ಪ್ರಿಂಟರು ಇದೆ ಎಂಬುದು ಸೋಜಿಗ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಪ್ರಯೋಗಶಾಲೆಗೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರು ಬಂತು. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ತಿಳಿಸುವ ಏರ್ಪಾಡನ್ನು ಹಳೇ ಪ್ರಿಂಟರಿಗೆ ಮಾಡಿದ್ದ ರಿಚರ್ಡ್ ಸ್ಟಾಲ್‌ಮನ್ ಇದಕ್ಕೂ ಮಾಡಹೊರಟರು. ಪ್ರೋಗ್ರಾಮಿನ ಮೂಲ ಸಿಗಲಿಲ್ಲ. ಇದ್ದವರು ಕರಾರಿಗೆ ಸಹಿ ಹಾಕಿದ್ದೇವೆಂದು ಕೊಡಲಿಲ್ಲ. ಆ ಕಹಿ ಅನುಭವವೂ ಕಾರಣವಾಗಿ ಅವರು 1983ರ ಸೆಪ್ಟೆಂಬರಿನಲ್ಲಿ, ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶದ ಕಾರ್ಯ ಆರಂಭಿಸುವುದಾಗಿ ಸಾರಿದರು. ಒಬ್ಬರಿಗಾಗಿ ಎಲ್ಲರು, ಎಲ್ಲರಿಗಾಗಿ ಒಬ್ಬರು ಎಂಬ ನಮ್ಮ ಸಹಕಾರ ತತ್ವಕ್ಕೂ ಇದಕ್ಕೂ ದೂರವೇನಿಲ್ಲ.

2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಹೊಸ ಯಂತ್ರ ಬಂದಾಗ ಆಡಳಿತ ಮಂಡಳಿಯವರು ನಾಲ್ಕು ಮಾತು ಮರೆಯಬಾರದು. ಬದಲಾವಣೆಗೆ ಮೊದಲೇ "ನಮ್ಮ ಪ್ರಿಂಟರು ಇದರಲ್ಲಿ ನಡೆಯುತ್ತದೆಯೇ?" ಎಂದು ಕೇಳಿ, ಒಂದು ಚೀಟಿ ಹೊಡೆಸಿ ನೋಡಬೇಕು. ಹಳೇ ಡ್ರೈವರಿನ ಸಿ.ಡಿ., ಕೇಬಲ್ಲು, ಕೈಪಿಡಿಗಳನ್ನು ಬೀರುವಿನಲ್ಲಿ ಜೋಪಾನ ಮಾಡಬೇಕು. ಮಾರ್ಚಿ ತಿಂಗಳ ವಸೂಲಿ ಗದ್ದಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಕೊನೆಯದಾಗಿ, ಯಂತ್ರ ನಿಂತರೂ ರಸೀದಿ ನಿಲ್ಲಬಾರದು. ಕೈಬರಹದ ರಸೀದಿ ಪುಸ್ತಕ ಒಂದು ಸದಾ ಮೇಜಿನಲ್ಲಿರಲಿ.

ಹಳೆಯದೆಲ್ಲ ಹೊನ್ನಲ್ಲ, ಹೊಸದೆಲ್ಲ ಹೊರೆಯೂ ಅಲ್ಲ. ದುಡಿಯುವಷ್ಟು ಕಾಲ ದುಡಿಸಿಕೊಳ್ಳುವುದು ರೈತಾಪಿ ಜನರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಇನ್ನು 25 ವರುಷಕ್ಕೆ ನಮ್ಮ ಸಂಘ ಸುವರ್ಣ ಮಹೋತ್ಸವ ಆಚರಿಸುವಾಗ ಕೌಂಟರಿನ ಮೇಲೆ ಯಾವ ಯಂತ್ರವೇ ಇರಲಿ, ಕಟ್ಟಿದ ಪ್ರತಿ ರೂಪಾಯಿಗೂ ಸದಸ್ಯನ ಕೈಗೆ ಚೀಟಿ ಸಿಗುತ್ತಿರಲಿ ಎಂದು ಹಾರೈಸುತ್ತೇನೆ.