ರೈಲು ಹೋದ ಮೇಲೆ ಉಳಿದ ದಾರಿ

ಪೋಸ್ಟ್ 1/6

ಮೊದಲ ಫೋಟೋದಲ್ಲಿರೋ ಮರದ ಬಾಗಿಲು ನೋಡಿದ್ರಾ? ಕೋಟೆ ಬಾಗಿಲು ಅಂದ್ಕೊಂಡ್ರೆ ತಪ್ಪು. ಅದು ರೈಲು ಸುರಂಗದ ಬಾಗಿಲು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್‌ರಾಯ್, ಸ್ಪಾರ್ಟಾ ಅಂತ ಎರಡು ಸಣ್ಣ ಊರುಗಳಿವೆ. ಅವುಗಳ ನಡುವೆ 1873ರಲ್ಲಿ ರೈಲು ಓಡಾಟ ಶುರುವಾಯ್ತು. ದಾರಿಯಲ್ಲಿ ಮೂರು ಸುರಂಗ. ಅತಿ ಉದ್ದದ್ದು ಒಂದು ಕಿಲೋಮೀಟರಿಗೂ ಹೆಚ್ಚು. ಅದೊಂದನ್ನ ಕೊರೆಯೋಕೇ ಮೂರು ವರ್ಷ ಹಿಡಿಯಿತು. ಚಳಿಗಾಲದಲ್ಲಿ ಒಳಗೆ ತೊಟ್ಟಿಕ್ಕೋ ನೀರು ಹೆಪ್ಪುಗಟ್ಟಿ ಗೋಡೆ ಬಿರುಕು ಬಿಡಬಾರದು ಅಂತ ಎರಡೂ ಕಡೆ ಈ ದೊಡ್ಡ ಬಾಗಿಲು ಹಾಕಿದ್ರು. ರೈಲು ಬರೋ ಮುಂಚೆ ತೆಗೆಯೋಕೆ, ಹೋದ ಮೇಲೆ ಮುಚ್ಚೋಕೆ ಅಂತಲೇ ಕಾವಲುಗಾರ ಇರ್ತಿದ್ದ.

1964ರಲ್ಲಿ ಆ ಮಾರ್ಗ ಮುಚ್ಚಿತು. ಮರುವರ್ಷ ರಾಜ್ಯ ಸರ್ಕಾರ ಜಾಗ ಕೊಂಡುಕೊಂಡಿತು. 1967ರಲ್ಲಿ ಅದು ಸೈಕಲ್ ದಾರಿಯಾಗಿ ತೆರೆಯಿತು. ಒಟ್ಟು 51 ಕಿ.ಮೀ. ಕಾರಿಲ್ಲ, ಲಾರಿಯಿಲ್ಲ, ಹಾರ್ನ್ ಇಲ್ಲ. ಪಕ್ಕದಲ್ಲಿ ಹೊಲ, ದನ, ಕಾಡು. ಸುರಂಗ ಬಂದಾಗ ಮಾತ್ರ ಇಳಿದು, ಟಾರ್ಚ್ ಹಿಡ್ಕೊಂಡು, ಸೈಕಲ್ ತಳ್ಳಿಕೊಂಡು ಹೋಗ್ಬೇಕು.

ಇಂಥ ಫೋಟೋ ಕಂಡ್ರೆ ನಾವೆಲ್ಲ "ಎಷ್ಟು ಶಾಂತವಾಗಿದೆ" ಅಂತ ಒಂದು ಲೈಕ್ ಒತ್ತಿ ಮುಂದೆ ಹೋಗ್ತೀವಿ. ಆದರೆ ಆ ದಾರಿ ತಾನಾಗೇ ಉಳಿದದ್ದಲ್ಲ. ಯಾರ್ಯಾರೋ ಜಗಳ ಆಡಿ ಉಳಿಸಿದ್ದು. ಈ ಸರಣಿ ಆ ಜಗಳದ ಇತಿಹಾಸ.

ಪೋಸ್ಟ್ 2/6

ಮೊದಲು ಒಂದು ಸಣ್ಣ ಪ್ರಶ್ನೆ. ಸೈಕಲ್ ಹೊಡೆಯೋಕೆ ಹಳೇ ರೈಲು ದಾರಿಯೇ ಯಾಕೆ ಅಷ್ಟು ಚೆನ್ನ?

ಉತ್ತರ ರೈಲಿನ ಚಕ್ರದಲ್ಲಿದೆ. ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ ಸಲೀಸಾಗಿ ಉರುಳುತ್ತೆ, ಆದರೆ ಅದಕ್ಕೆ ಹಿಡಿತ ಕಡಿಮೆ. ಕಡಿದಾದ ಏರು ಬಂದ್ರೆ ಚಕ್ರ ಜಾರುತ್ತೆ. ಹಾಗಾಗಿ ಎಂಜಿನಿಯರುಗಳು ಗುಡ್ಡ ಸಿಕ್ಕಿದ ಕಡೆ ಅಗೆದರು ಅಥವಾ ಕೊರೆದರು, ತಗ್ಗು ಸಿಕ್ಕಿದ ಕಡೆ ಮಣ್ಣು ತುಂಬಿ ಏರಿ ಕಟ್ಟಿದರು, ಹಳ್ಳ ಸಿಕ್ಕಿದ ಕಡೆ ಸೇತುವೆ ಹಾಕಿದರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ರೈಲಿಗೆ ತುಂಬಾ ಕಷ್ಟದ ಏರು ಅಂತಾರಲ್ಲ, ಅಲ್ಲಿ ಕೂಡ ಏರಿಕೆ ಇರೋದು 50 ಮೀಟರಿಗೆ 1 ಮೀಟರ್ ಅಷ್ಟೇ. ರೈಲಿಗೆ ಅದು ಬೆಟ್ಟ. ಸೈಕಲ್ಲಿಗೆ, ಸ್ವಲ್ಪ ಉಸಿರು ಬಿಟ್ಟುಕೊಂಡು ತುಳಿದ್ರೆ ಮುಗೀತು.

(ಆ ಘಾಟಿಯಲ್ಲಿ ಇವತ್ತೂ ರೈಲು ಓಡ್ತಿದೆ. ಹಳಿ ಮೇಲೆ ನಡೆಯೋಕೆ ಹೋಗ್ಬೇಡಿ, ದಯವಿಟ್ಟು.)

ಅಂದ್ರೆ ಏನಾಯ್ತು? ನೂರು ವರ್ಷದ ಹಿಂದೆ ಕೂಲಿಯವರು ಸನಿಕೆ, ಗುದ್ದಲಿ, ಸಿಡಿಮದ್ದು ಇಟ್ಕೊಂಡು ಉಗಿಬಂಡಿಗೋಸ್ಕರ ಸಮ ಮಾಡಿದ ನೆಲದ ಮೇಲೆ, ಇವತ್ತು ಹತ್ತು ವರ್ಷದ ಮಗುವೂ ಎಪ್ಪತ್ತು ವರ್ಷದ ಅಜ್ಜಿಯೂ ಸೈಕಲ್ ತುಳಿಬಹುದು.

ಪೋಸ್ಟ್ 3/6

ಈಗ ಕಷ್ಟದ ಭಾಗ.

1916ರ ಹೊತ್ತಿಗೆ ಅಮೆರಿಕದ ರೈಲು ಮಾರ್ಗಗಳ ಉದ್ದ 4 ಲಕ್ಷ ಕಿ.ಮೀ. ದಾಟಿತ್ತು. ಅದೇ ಅದರ ಶಿಖರ. ಆಮೇಲೆ ಕಾರು, ಬಸ್ಸು, ಟ್ರಕ್ಕು, ಹೆದ್ದಾರಿ ಬಂದವು. ಸಣ್ಣ ಊರಿನ ಮಾರ್ಗಗಳು ಒಂದೊಂದಾಗಿ ಮುಚ್ಚಿದವು.

ಮುಚ್ಚಿದ ಮೇಲೆ ಜಾಗ ಯಾರದು? ಇಲ್ಲೇ ಇರೋದು ಸಿಕ್ಕು. ಎಷ್ಟೋ ಕಡೆ ರೈಲು ಕಂಪನಿ ಜಮೀನು ಕೊಂಡಿರಲೇ ಇಲ್ಲ. ರೈತರ ಹೊಲದ ಮೇಲೆ ಹಾದುಹೋಗೋ ಹಕ್ಕು ಮಾತ್ರ ಪಡೆದಿತ್ತು. ರೈಲು ನಿಂತರೆ ಹಕ್ಕೂ ಹೋಯ್ತು, ಜಾಗ ಪಕ್ಕದ ಹೊಲಕ್ಕೆ ಸೇರಿತು. ಕಂಪನಿಯದ್ದೇ ಆಗಿದ್ದ ಕಡೆ ಅದನ್ನ ತುಂಡು ತುಂಡಾಗಿ ಮಾರಿದರು.

ಇದು ಯಾಕೆ ದೊಡ್ಡ ವಿಷಯ ಅಂದ್ರೆ, 50 ಕಿ.ಮೀ. ದಾರಿಯಲ್ಲಿ ನಡುವೆ 200 ಮೀಟರ್ ಮಾರಾಟವಾದ್ರೆ ಉಳಿದದ್ದೂ ಕೆಲಸಕ್ಕೆ ಬರಲ್ಲ. ಆ 200 ಮೀಟರಿಗಾಗಿ ನೀವು ಹೆದ್ದಾರಿಗೆ ಇಳಿಬೇಕು. ಮತ್ತೆ ಅಂಥ ಒಂದು ಪಟ್ಟಿ ಭೂಮಿ ಜೋಡಿಸ್ತೀನಿ ಅಂದ್ರೆ ನೂರಾರು ಮಾಲೀಕರ ಮನೆ ಬಾಗಿಲು ತಟ್ಟಬೇಕು. ರೈಲು ದಾರಿಯಲ್ಲಿ ಬೆಲೆಬಾಳೋದು ಹಳಿ ಅಲ್ಲ, ಜಲ್ಲಿ ಅಲ್ಲ. ಅದು ಎಲ್ಲೂ ಕಡಿದುಹೋಗದೆ ಇರೋದೇ ಅದರ ಬೆಲೆ.

ಪೋಸ್ಟ್ 4/6

ಇದನ್ನ ಬೇಗ ಅರ್ಥ ಮಾಡ್ಕೊಂಡವರಲ್ಲಿ ಒಬ್ಬರು ಗಿಡಮರಗಳ ಬಗ್ಗೆ ಪಾಠ ಹೇಳ್ತಿದ್ದ ಮೇ ಥೈಲ್‌ಗಾರ್ಡ್ ವಾಟ್ಸ್.

ಷಿಕಾಗೊ ನಗರದ ಪಶ್ಚಿಮಕ್ಕೆ ಷಿಕಾಗೊ ಅರೋರಾ ಅಂಡ್ ಎಲ್ಜಿನ್ ಅನ್ನೋ ವಿದ್ಯುತ್ ರೈಲು ಓಡ್ತಿತ್ತು. 1957ರ ಜುಲೈ 3ರ ಮಧ್ಯಾಹ್ನ ಪ್ರಯಾಣಿಕರ ಸೇವೆ ಏಕಾಏಕಿ ನಿಂತಿತು. ಬೆಳಗ್ಗೆ ಅದೇ ರೈಲಲ್ಲಿ ಕೆಲಸಕ್ಕೆ ಹೋದವರಿಗೆ ಸಂಜೆ ಮನೆಗೆ ಬರೋಕೆ ರೈಲೇ ಇರಲಿಲ್ಲ! ಎರಡು ವರ್ಷಕ್ಕೆ ಗೂಡ್ಸ್ ಕೂಡ ನಿಂತಿತು. ದಾರಿ ಪಾಳುಬಿತ್ತು, ಪೊದೆ ಬೆಳೆಯಿತು.

1963ರ ಸೆಪ್ಟೆಂಬರ್ 30ರಂದು ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯಲ್ಲಿ ವಾಟ್ಸ್ ಅವರ ಪತ್ರ ಪ್ರಕಟವಾಯ್ತು. ಆಗ ಅವರಿಗೆ 70 ವರ್ಷ. ಈ ಜಾಗವನ್ನ ಜನ ನಡೆಯೋ, ಸೈಕಲ್ ಹೊಡೆಯೋ ದಾರಿಯಾಗಿ ಉಳಿಸಿ, ತಡ ಮಾಡಿದ್ರೆ ಬುಲ್ಡೋಜರ್‌ಗಳ ಪಾಲಾಗುತ್ತೆ ಅನ್ನೋದು ಪತ್ರದ ಸಾರ.

ಆಗ ಇನ್‌ಸ್ಟಾ ಇಲ್ಲ, ಶೇರ್ ಬಟನ್ ಇಲ್ಲ. ಒಂದು ಪತ್ರ, ಅಷ್ಟೇ. ಓದಿದ ಕೆಲವರು ಜೊತೆಯಾದರು. ಸಭೆ ಮಾಡಿದರು, ಕಚೇರಿಗಳಿಗೆ ಅಲೆದರು, ರಜೆ ದಿನ ಹೋಗಿ ಪೊದೆ ಕಡಿದರು, ಕಸ ಎತ್ತಿದರು. 1966ರಲ್ಲಿ ಡುಪೇಜ್ ಕೌಂಟಿಯ ಆಡಳಿತ ದಾರಿಯನ್ನ ಅವರಿಗೆ ಗುತ್ತಿಗೆಗೆ ಕೊಟ್ಟಿತು. ಅದೇ ಇವತ್ತಿನ ಇಲಿನಾಯ್ ಪ್ರೇರೀ ಪಾತ್. ಕವಲುಗಳೆಲ್ಲ ಸೇರಿ ಸುಮಾರು 100 ಕಿ.ಮೀ.

ಪೋಸ್ಟ್ 5/6

ಪತ್ರದಿಂದ ಒಂದು ದಾರಿ ಉಳಿಯಬಹುದು. ಸಾವಿರ ದಾರಿ ಉಳಿಬೇಕು ಅಂದ್ರೆ ಕಾನೂನು ಬೇಕು.

1983ರಲ್ಲಿ ಅಮೆರಿಕದ ಸಂಸತ್ತು ಒಂದು ಜಾಣ ತಿದ್ದುಪಡಿ ತಂದಿತು. ಅದಕ್ಕೆ ರೈಲ್‌ಬ್ಯಾಂಕಿಂಗ್ ಅಂತಾರೆ. "ಈ ಮಾರ್ಗ ಸತ್ತಿಲ್ಲ, ಮಲಗಿದೆ. ಮುಂದೆ ಯಾವತ್ತಾದ್ರೂ ರೈಲು ಬೇಕಾಗಬಹುದು. ಅಲ್ಲೀವರೆಗೆ ಸೈಕಲ್ ದಾರಿಯಾಗಿರಲಿ" ಅನ್ನೋದು ಅದರ ತರ್ಕ. ಮಾರ್ಗ ಮುಚ್ಚಿಲ್ಲ ಅಂದ ಮೇಲೆ ಜಾಗ ರೈತರಿಗೆ ವಾಪಸ್ ಹೋಗಲ್ಲ.

ನೀವು ಆ ರೈತರಾಗಿದ್ರೆ ಏನಂತಿದ್ರಿ? "ನಮ್ಮ ತಾತ ಜಾಗ ಬಿಟ್ಟುಕೊಟ್ಟಿದ್ದು ರೈಲಿಗೆ. ಪೇಟೆಯವರು ರಜೆಯಲ್ಲಿ ಬಂದು ಸೈಕಲ್ ಹೊಡೆಯೋಕಲ್ಲ." ತಪ್ಪಾ ಇದು? ನನಗಂತೂ ಪೂರ್ತಿ ತಪ್ಪು ಅನ್ಸಲ್ಲ.

ಮಿಸೌರಿಯಲ್ಲಿ ಇದೇ ಜಗಳ ಆಯ್ತು. ಪ್ರವಾಹದಿಂದ ಹಾಳಾದ ಒಂದು ಮಾರ್ಗ 1986ರಲ್ಲಿ ಮುಚ್ಚಿತು. ಶೇರು ವ್ಯವಹಾರದ ಟೆಡ್ ಜೋನ್ಸ್ ಮತ್ತು ಅವರ ಪತ್ನಿ ಪ್ಯಾಟ್ ದುಡ್ಡು ಕೊಟ್ಟು, ಅದು ಸೈಕಲ್ ದಾರಿ ಆಗಲಿ ಅಂತ ಹಟ ಹಿಡಿದರು. ಜಮೀನಿನವರು ಕೋರ್ಟಿಗೆ ಹೋದರು. 1990ರಲ್ಲಿ ಇಂಥದ್ದೇ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಎರಡು ಮಾತು: ಕಾನೂನು ಸರಿ ಇದೆ, ಆದರೆ ಜಾಗ ಕಳ್ಕೊಂಡವರು ಸರ್ಕಾರದಿಂದ ಪರಿಹಾರ ಕೇಳಬಹುದು. ಅದೇ ವರ್ಷ ಕೇಟಿ ಟ್ರೇಲ್‌ನ ಮೊದಲ ಭಾಗ ತೆರೆಯಿತು. ಅದೇ ವರ್ಷ ಟೆಡ್ ಜೋನ್ಸ್ ತೀರಿಕೊಂಡರು. ಈಗ ಅದರ ಉದ್ದ ಸುಮಾರು 386 ಕಿ.ಮೀ. ಬಹುದೂರ ಮಿಸೌರಿ ನದಿ ಪಕ್ಕದಲ್ಲೇ ಸಾಗುತ್ತೆ. 2000ದಲ್ಲಿ ಈ ದಾರಿ ಪಕ್ಕದ ಕೆಲವು ಜಮೀನಿನವರಿಗೂ ಪರಿಹಾರದ ಹಕ್ಕಿದೆ ಅಂತ ಕೋರ್ಟ್ ತೀರ್ಪು ಕೊಟ್ಟಿತು.

ದಾರಿ ಉಳೀತು, ರೈತರ ಮಾತಿಗೂ ಬೆಲೆ ಸಿಕ್ತು. ಪರಿಹಾರ ಬರೋಕೆ ಅಷ್ಟು ವರ್ಷ ಕಾಯಿಸಿದ್ದು ಮಾತ್ರ ನ್ಯಾಯ ಅಲ್ಲ.

ಪೋಸ್ಟ್ 6/6

ಕಾನೂನು ಇಲ್ಲದಿದ್ರೆ ಏನಾಗುತ್ತೆ? ಬ್ರಿಟನ್ ನೋಡಿ. 1963ರ ಬೀಚಿಂಗ್ ವರದಿ ಸುಮಾರು 8,000 ಕಿ.ಮೀ. ಮಾರ್ಗ, 2,363 ನಿಲ್ದಾಣ ಮುಚ್ಚಿ ಅಂತ ಹೇಳಿತು. ಮುಚ್ಚಿದ ಎಷ್ಟೋ ಮಾರ್ಗಗಳ ಜಾಗ ಮಾರಾಟವಾಯ್ತು, ಸೇತುವೆ ಒಡೆದರು, ಮನೆ ಕಟ್ಟಿದರು. ಬ್ರಿಸ್ಟಲ್‌ನ ಸೈಕಲ್ ಗುಂಪೊಂದು 1979ರಲ್ಲಿ ತಾನೇ ಸನಿಕೆ ಹಿಡಿದು ಬಿಟನ್‌ನಿಂದ ಬಾತ್ ಕಡೆಗೆ 8 ಕಿ.ಮೀ. ದಾರಿ ಮಾಡಿತು. ಮುಂದೆ ಅದೇ ಬ್ರಿಸ್ಟಲ್–ಬಾತ್ ರೈಲ್ವೆ ಪಾತ್ ಆಯ್ತು. ಆ ಗುಂಪೇ ಬೆಳೆದು ದೇಶಕ್ಕೆಲ್ಲ ಸೈಕಲ್ ಜಾಲ ಕಟ್ಟಿತು. ಆದರೆ 2018ರಲ್ಲಿ ಲೆಕ್ಕ ಹಾಕಿದಾಗ ಆ ಜಾಲದಲ್ಲಿ ವಾಹನ ಇಲ್ಲದ ದಾರಿ ಸುಮಾರು ಮೂರನೇ ಒಂದು ಭಾಗ ಮಾತ್ರ. ಉಳಿದದ್ದು ರಸ್ತೆ ಮೇಲೇ. ಒಮ್ಮೆ ಕಡಿದ ದಾರಿ ಮತ್ತೆ ಕೂಡಿಕೊಳ್ಳೋದು ಅಷ್ಟು ಕಷ್ಟ.

ನಮ್ಮಲ್ಲಿ ಕಥೆ ಬೇರೆ. ಹೆಚ್ಚಿನ ಕಡೆ ಮೀಟರ್ ಗೇಜ್ ಕಿತ್ತು ಅದೇ ಜಾಗದಲ್ಲಿ ಬ್ರಾಡ್ ಗೇಜ್ ಹಾಕಿದರು. ರೈಲು ಉಳೀತು, ಒಳ್ಳೇದೇ ಆಯ್ತು. ಆದರೆ ನಮ್ಮಲ್ಲೂ ಕಡಿದುಹೋಗ್ತಿರೋ ದಾರಿಗಳಿವೆ. ಹಳ್ಳಿಯವರಾಗಿದ್ರೆ "ನಕಾಶೆ ಕಂಡ ದಾರಿ" ಅನ್ನೋ ಮಾತು ಕೇಳಿರ್ತೀರಿ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಗುರುತಾಗಿರೋ ಬಂಡಿ ದಾರಿ, ಕಾಲುದಾರಿ. ಕಾಗದದಲ್ಲಿ ಇರುತ್ತೆ, ನೆಲದ ಮೇಲೆ ಬೇಲಿ ಎದ್ದಿರುತ್ತೆ. ಸೈಕಲ್ ಆಮೇಲಿನ ಮಾತು, ಮೊದಲು ರೈತರಿಗೇ ತಮ್ಮ ಹೊಲಕ್ಕೆ ಹೋಗೋಕೆ ಆ ದಾರಿ ಬೇಕು.

ಮುಂದಿನ ಸಲ ಊರಿಗೆ ಹೋದಾಗ ಅಜ್ಜನ್ನೋ ಅಜ್ಜಿನ್ನೋ ಕೇಳಿ: ನೀವು ಚಿಕ್ಕವರಿದ್ದಾಗ ಪಕ್ಕದೂರಿಗೆ ಯಾವ ದಾರಿಯಲ್ಲಿ ಹೋಗ್ತಿದ್ರಿ? ಈಗ ಆ ದಾರಿ ಇದೆಯಾ? ಉತ್ತರ ಸಿಕ್ರೆ ಕಾಮೆಂಟಲ್ಲಿ ಬರೀರಿ. ಊರಿನ ಹೆಸರು ಹಾಕೋದು ಮರೀಬೇಡಿ.

#ಸೈಕಲ್ #ಹಳೇದಾರಿ #ರೈಲು #ಇತಿಹಾಸ #ಕನ್ನಡ