ಸಾಕುಪ್ರಾಣಿಗಳಿಗೆ ಲಸಿಕೆ ಎಷ್ಟು ಸಲ ಬೇಕು? ಗಡಿಭಾಗದ ಮನೆಗಳಿಗೊಂದು ಮಾಹಿತಿ

ನಿಲಂಗಾ, ಉದಗೀರ, ಉಮರ್ಗಾ ಭಾಗದ ಪಾಲಕರ ಸಭೆಗಳಲ್ಲಿ ನಾಯಿ ಕಡಿತದ ಮಾತು ಬಂದಾಗಲೆಲ್ಲ ನಮ್ಮೆದುರು ಎರಡು ಪ್ರಶ್ನೆಗಳು ನಿಲ್ಲುತ್ತವೆ. "ನಾಯಿಗೆ ಒಮ್ಮೆ ಸೂಜಿ ಮಾಡಿಸಿದ್ದೇವೆ, ಮತ್ತೆ ಯಾಕೆ?" ಎಂಬುದು ಹಳ್ಳಿಯವರ ಪ್ರಶ್ನೆ. "ವರ್ಷವರ್ಷವೂ ಮೂರು ನಾಲ್ಕು ಸೂಜಿ ಬರೆದುಕೊಡುತ್ತಾರೆ, ಎಲ್ಲವೂ ಬೇಕೇ?" ಎಂಬುದು ಪಟ್ಟಣದಲ್ಲಿ ದುಬಾರಿ ತಳಿಯ ನಾಯಿ ಸಾಕಿದವರ ಪ್ರಶ್ನೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮೊದಲನೆಯವರು ಬೇಕಾದುದಕ್ಕಿಂತ ಕಡಿಮೆ ಹಾಕಿಸುತ್ತಿದ್ದಾರೆ. ಎರಡನೆಯವರು ಕೆಲವನ್ನು ಬೇಕಾದುದಕ್ಕಿಂತ ಹೆಚ್ಚು ಹಾಕಿಸುತ್ತಿರಬಹುದು.

ನಮ್ಮ ರೈತರಿಗೆ ಇದರ ಅರ್ಧ ಉತ್ತರ ಈಗಾಗಲೇ ತಿಳಿದಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ಕೊಟ್ಟಿಗೆಯ ದೇವಣಿ ಎತ್ತಿಗೆ ಕಾಲುಬಾಯಿ ಬೇನೆಯ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕುತ್ತಾರೆ. ಅದೇ ಕೊಟ್ಟಿಗೆಯ ಹೆಣ್ಣುಗರುವಿಗೆ ಗರ್ಭಪಾತ ತರುವ ಬ್ರುಸೆಲ್ಲಾ ರೋಗದ ಲಸಿಕೆಯನ್ನು 4ರಿಂದ 8 ತಿಂಗಳ ವಯಸ್ಸಿನೊಳಗೆ, ಜೀವಮಾನದಲ್ಲಿ ಒಂದೇ ಸಲ ಹಾಕುತ್ತಾರೆ. ಒಂದೇ ಕೊಟ್ಟಿಗೆ, ಎರಡು ಲೆಕ್ಕ. ಅವಧಿಯನ್ನು ನಿರ್ಧರಿಸುವುದು ರೋಗದ ಹಾಗೂ ಲಸಿಕೆಯ ಸ್ವಭಾವ. ನಾಯಿ, ಬೆಕ್ಕುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. "ವರ್ಷಕ್ಕೊಮ್ಮೆ ಎಲ್ಲ ಸೂಜಿ" ಎಂಬುದು ನೆನಪಿಡಲು ಸುಲಭವಾದ ಸೂತ್ರ, ಅಷ್ಟೆ.

ಮರಿಗಳಿಗೆ ಹಲವು ಸಲ ಏಕೆ?

ನಾಯಿಮರಿಗೆ ಹಾಕಬೇಕಾದ ಮೂಲ ಲಸಿಕೆಗಳು ಡಿಸ್ಟೆಂಪರ್, ಪಾರ್ವೊ ಮತ್ತು ಅಡಿನೊವೈರಸ್‌ಗಳ ವಿರುದ್ಧದವು. ರಕ್ತಭೇದಿಯಾಗಿ ಎರಡು ಮೂರು ದಿನಗಳಲ್ಲಿ ಮರಿ ಸಾಯುವುದನ್ನು ನಮ್ಮ ಹಳ್ಳಿಗಳಲ್ಲಿ "ದೃಷ್ಟಿ ತಾಕಿತು" ಎನ್ನುವುದುಂಟು; ಅಂಥ ಸಾವುಗಳಲ್ಲಿ ಬಹಳಷ್ಟು ಪಾರ್ವೊದಿಂದ ಆಗುವಂಥವು. ಈ ಲಸಿಕೆಯನ್ನು 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ, 2ರಿಂದ 4 ವಾರಗಳ ಅಂತರದಲ್ಲಿ, 16 ವಾರ ತುಂಬುವವರೆಗೆ ಕೊಡಬೇಕು ಎಂಬುದು ವಿಶ್ವ ಸಣ್ಣಪ್ರಾಣಿ ಪಶುವೈದ್ಯ ಸಂಘದ ಮಾರ್ಗಸೂಚಿ.

ಒಂದು ಸೂಜಿಯ ಬಲ ಸಾಲದೆಂದು ಮತ್ತೊಂದು ಕೊಡುತ್ತಾರೆ ಎಂದು ಹಲವರು ಭಾವಿಸಿದ್ದಾರೆ. ಕಾರಣ ಅದಲ್ಲ. ತಾಯಿಯ ಮೊದಲ ಹಾಲಿನಿಂದ ಮರಿಗೆ ಸಿಕ್ಕ ಪ್ರತಿಕಾಯಗಳು ರೋಗವನ್ನು ತಡೆಯುವಂತೆಯೇ ಲಸಿಕೆಯನ್ನೂ ತಡೆದುಬಿಡುತ್ತವೆ. ಅವು ಕರಗುವ ಕಾಲ ಒಂದೊಂದು ಮರಿಯಲ್ಲಿ ಒಂದೊಂದು; ಕೆಲವಕ್ಕೆ 8 ವಾರ, ಕೆಲವಕ್ಕೆ 14 ವಾರ. ಯಾವ ಮರಿಗೆ ಯಾವಾಗ ಬಾಗಿಲು ತೆರೆಯುತ್ತದೆಂದು ಹೊರಗಿನಿಂದ ಕಾಣದ ಕಾರಣ ಮತ್ತೆ ಮತ್ತೆ ತಟ್ಟಬೇಕಾಗುತ್ತದೆ. ಆದುದರಿಂದ 16 ವಾರಗಳ ನಂತರದ ಕೊನೆಯ ಸೂಜಿಯೇ ಎಲ್ಲಕ್ಕಿಂತ ಮುಖ್ಯವಾದುದು. ನಾವು ಕಂಡಂತೆ ಜನ ಬಿಡುವುದೂ ಅದನ್ನೇ. ಎರಡು ಸಲ ದವಾಖಾನೆಗೆ ಹೋಗಿ ಬಂದ ಮೇಲೆ ಮರಿ ಚೆನ್ನಾಗಿಯೇ ಕಾಣುತ್ತದೆ, ಮೂರನೆಯ ಸಲ ಹೋಗಲು ಯಾರಿಗೂ ಪುರಸೊತ್ತಿಲ್ಲ.

ಹಾಗೆಯೂ ತಪ್ಪಿಹೋದ ಮರಿಗಳಿರುತ್ತವೆ. ಅವುಗಳಿಗಾಗಿ ಇನ್ನೊಂದು ಸೂಜಿಯನ್ನು ಹಿಂದೆ ಒಂದು ವರ್ಷಕ್ಕೆ ಕೊಡುತ್ತಿದ್ದರು. 2024ರ ಪರಿಷ್ಕೃತ ಮಾರ್ಗಸೂಚಿ ಅದನ್ನು ಆರು ತಿಂಗಳ ವಯಸ್ಸಿಗೆ ತಂದಿದೆ. ಅಲ್ಲಿಂದ ಮುಂದೆ ಈ ಮೂರು ರೋಗಗಳ ಲಸಿಕೆಯನ್ನು ಮೂರು ವರ್ಷಕ್ಕೊಮ್ಮೆಗಿಂತ ಹೆಚ್ಚು ಸಲ ಕೊಡಬೇಕಿಲ್ಲ. ಇವು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆಗಳಾದುದರಿಂದ ದೇಹದ ನೆನಪು ದೀರ್ಘವಾಗಿರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಶುಲ್ಟ್ಜ್ ಅವರು ದಶಕಗಳ ಕಾಲ ನಡೆಸಿದ ಅಧ್ಯಯನಗಳು ಈ ರಕ್ಷಣೆ ಏಳು ವರ್ಷಗಳಿಗೂ ಮೀರಿ ಉಳಿಯಬಲ್ಲದು ಎಂದು ತೋರಿಸಿವೆ. ಪಟ್ಟಣದ ಗೆಳೆಯರು ವೈದ್ಯರೊಂದಿಗೆ ಈ ವಿಷಯವನ್ನು ಸಂಕೋಚವಿಲ್ಲದೆ ಮಾತನಾಡಬಹುದು.

ಇಲಿಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಮಾತ್ರ ಬೇರೆ ಲೆಕ್ಕ. ಅದರ ಲಸಿಕೆಯ ರಕ್ಷಣೆ ಸುಮಾರು ಒಂದು ವರ್ಷದ್ದು. ಮೊದಲ ಸಲ 2ರಿಂದ 4 ವಾರಗಳ ಅಂತರದಲ್ಲಿ ಎರಡು, ಆಮೇಲೆ ಪ್ರತಿ ವರ್ಷ ಒಂದು. ಕಬ್ಬಿನ ಗದ್ದೆ, ನಿಂತ ನೀರು, ಧಾನ್ಯದ ಗೋದಾಮುಗಳ ಸುತ್ತ ಓಡಾಡುವ ನಾಯಿಗೆ ಇದು ಬೇಕು. ಬೆಕ್ಕಿಗೆ ಪ್ಯಾನ್‌ಲ್ಯುಕೋಪೀನಿಯಾ ಲಸಿಕೆ ಹಲವು ವರ್ಷ ಕಾಯುತ್ತದೆ. ನೆಗಡಿ ತರುವ ಎರಡು ವೈರಸ್‌ಗಳ ಲಸಿಕೆಯ ರಕ್ಷಣೆ ಅಪೂರ್ಣವಾದುದರಿಂದ, ಹೊರಗೆ ತಿರುಗುವ ಬೆಕ್ಕಿಗೆ ವರ್ಷಕ್ಕೊಮ್ಮೆ, ಮನೆಯೊಳಗಿನದಕ್ಕೆ ಮೂರು ವರ್ಷಕ್ಕೊಮ್ಮೆ ಸಾಕು.

ರೇಬೀಸ್: ಇಲ್ಲಿ ಜಿಪುಣತನ ಬೇಡ

ಇಷ್ಟನ್ನು ಓದಿ "ಹಾಗಾದರೆ ಎಲ್ಲವನ್ನೂ ಮೂರು ವರ್ಷಕ್ಕೆ ತಳ್ಳೋಣ" ಎಂದುಕೊಳ್ಳುವವರಿಗೆ ಇಲ್ಲಿಯೇ ತಡೆ ಹಾಕುತ್ತೇವೆ. ರೇಬೀಸ್ ಲಸಿಕೆಯ ಮೊದಲ ಸೂಜಿಯನ್ನು 12 ವಾರ ತುಂಬಿದ ಮೇಲೆ ಕೊಡಬೇಕು. ರೋಗ ಹೆಚ್ಚಿರುವ ನಮ್ಮಂಥ ಪ್ರದೇಶದಲ್ಲಿ 2ರಿಂದ 4 ವಾರಗಳ ನಂತರ ಇನ್ನೊಂದು ಕೊಡುವುದು ಒಳ್ಳೆಯದು. ಒಂದು ವರ್ಷಕ್ಕೆ ವರ್ಧಕ ಕಡ್ಡಾಯ. ಅದರ ಮುಂದೆ, ಕೆಲವು ಲಸಿಕೆಗಳ ಚೀಟಿಯ ಮೇಲೆಯೇ ಮೂರು ವರ್ಷದ ಅವಧಿ ನಮೂದಾಗಿರುತ್ತದೆ ಎಂಬುದು ನಿಜ. ಅಂದರೆ ಸರಿಯಾಗಿ ಲಸಿಕೆ ಪಡೆದ ಒಂದು ನಾಯಿಯ ದೇಹಕ್ಕೆ ಪ್ರತಿ ವರ್ಷದ ಸೂಜಿ ಬೇಕಾಗದೆಯೂ ಇರಬಹುದು.

ಆದರೂ ನಾವು ವರ್ಷಕ್ಕೊಮ್ಮೆ ಎಂದೇ ಹೇಳುತ್ತೇವೆ. ಒಂದನೆಯದು, ಲಸಿಕೆಯನ್ನು 2ರಿಂದ 8 ಡಿಗ್ರಿ ಉಷ್ಣತೆಯಲ್ಲಿ ಕಾಯಬೇಕು. ಮೇ ತಿಂಗಳ ಮರಾಠವಾಡದಲ್ಲಿ ದಿನಕ್ಕೆ ಹಲವು ಗಂಟೆ ವಿದ್ಯುತ್ ಇಲ್ಲದ ಊರಿನಲ್ಲಿ ಆ ಸರಪಳಿ ಎಲ್ಲಿ ತುಂಡಾಯಿತೆಂದು ನಾಯಿಯ ಒಡೆಯನಿಗೆ ತಿಳಿಯುವುದಿಲ್ಲ. ಎರಡನೆಯದು, ಕಾರ್ಡು ಕಳೆದಿರುತ್ತದೆ. ಮೂರನೆಯದೇ ದೊಡ್ಡದು. ರೇಬೀಸ್ ಒಂದು ನಾಯಿಯ ರೋಗವಲ್ಲ, ಊರಿನ ನಾಯಿಗಳೆಲ್ಲದರ ರೋಗ. ಊರಿನ ನೂರರಲ್ಲಿ 70 ನಾಯಿಗಳಿಗೆ ರಕ್ಷಣೆ ಇದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಲೆಕ್ಕ. ಆದರೆ ಈ ವರ್ಷ 70 ನಾಯಿಗಳಿಗೆ ಹಾಕಿದರೂ, ಬರುವ ವರ್ಷದ ಹೊತ್ತಿಗೆ ಕೆಲವು ಸತ್ತಿರುತ್ತವೆ, ಕೆಲವು ಬೇರೆ ಊರಿಗೆ ಹೋಗಿರುತ್ತವೆ, ಹೊಸ ಮರಿಗಳು ಹುಟ್ಟಿರುತ್ತವೆ. ಲಸಿಕೆಯ ಬಲ ಹಾಗೆಯೇ ಉಳಿದಿದ್ದರೂ ಊರಿನ ರಕ್ಷಣೆ ಇಳಿದುಬಿಡುತ್ತದೆ. ವಾರ್ಷಿಕ ಅಭಿಯಾನದ ಅಗತ್ಯ ಇಲ್ಲಿದೆ. ಗೋವೆಯಲ್ಲಿ ಬೀದಿನಾಯಿ, ಸಾಕುನಾಯಿ ಎನ್ನದೆ ವರ್ಷವರ್ಷವೂ ಮನೆ ಮನೆ, ಓಣಿ ಓಣಿ ತಿರುಗಿ ಲಸಿಕೆ ಹಾಕಿದುದರಿಂದಲೇ 2021ರಲ್ಲಿ ಅದನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲು ಸಾಧ್ಯವಾಯಿತು. ಅದೇ ವರ್ಷದ ಸೆಪ್ಟೆಂಬರ್ 28ರಂದು, ವಿಶ್ವ ರೇಬೀಸ್ ದಿನ, ನಾಯಿಗಳಿಂದ ಬರುವ ರೇಬೀಸನ್ನು 2030ರೊಳಗೆ ಇಲ್ಲವಾಗಿಸುವ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಕೇಂದ್ರ ಸರಕಾರವೂ ಪ್ರಕಟಿಸಿತು.

ಇನ್ನೆರಡು ತಪ್ಪು ತಿಳಿವಳಿಕೆಗಳಿವೆ. ಸಣ್ಣ ನಾಯಿಗೆ ಅರ್ಧ ಸೂಜಿ ಸಾಕೆಂಬುದು ಸರಿಯಲ್ಲ. ಪೊಮೆರೇನಿಯನ್ ಇರಲಿ, ಮುಧೋಳ ಇರಲಿ, ಪ್ರಮಾಣ ಒಂದೇ. ಮರಿಯ ಕಡಿತದಿಂದ ರೇಬೀಸ್ ಬರುವುದಿಲ್ಲ ಎಂಬುದು ಅದಕ್ಕಿಂತಲೂ ಅಪಾಯಕಾರಿ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮೂರನೆಯ ತರಗತಿಯ ಹುಡುಗನೊಬ್ಬನನ್ನು ಎರಡು ತಿಂಗಳ ಮರಿ ಕಚ್ಚಿತ್ತು. ಮನೆಯವರು ಸುಣ್ಣ, ಮೆಣಸಿನಪುಡಿ ಹಚ್ಚಿ ಸುಮ್ಮನಾಗಿದ್ದರು. ನಾಲ್ಕನೆಯ ದಿನ ಬೆರಳಿನ ಬಟ್ಟೆ ನೋಡಿ ಕೇಳಿದಾಗ ವಿಷಯ ಹೊರಬಿತ್ತು. ಅಂದೇ ದವಾಖಾನೆಗೆ ಕರೆದೊಯ್ದೆವು. ಆರನೆಯ ದಿನ ಮರಿ ಸತ್ತಿತು. ಅದನ್ನು ಹೊಲದ ಬದುವಿನಲ್ಲಿ ಹೂಳಿದರು, ಪರೀಕ್ಷೆಗೆ ಕಳಿಸಲಿಲ್ಲ. ರೇಬೀಸ್ ಆಗಿತ್ತೋ ಇಲ್ಲವೋ ನಮಗೆ ತಿಳಿಯಲೇ ಇಲ್ಲ. ಹುಡುಗ ಎಲ್ಲ ಸೂಜಿಗಳನ್ನೂ ಮುಗಿಸಿ ಈಗ ಪ್ರೌಢಶಾಲೆಯಲ್ಲಿದ್ದಾನೆ. ಜಗತ್ತಿನಲ್ಲಿ ರೇಬೀಸ್ ಅಪಾಯಕ್ಕೆ ಒಳಗಾಗುವವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರ್ಷದೊಳಗಿನ ಮಕ್ಕಳೆಂಬುದನ್ನು ನಾವು ಆ ಮೇಲೆ ಓದಿದೆವು.

ಆದುದರಿಂದ ನಾಯಿ ಕಚ್ಚಿದರೆ, ಆ ನಾಯಿಗೆ ಲಸಿಕೆ ಆಗಿದ್ದರೂ ಸಹ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ದವಾಖಾನೆಗೆ ಹೋಗಬೇಕು. ಸ್ನಾಯುವಿಗೆ ಕೊಡುವುದಾದರೆ ಮೊದಲ ಸೂಜಿ ಹಾಕಿಸಿದ ದಿನವನ್ನೇ ಸೊನ್ನೆ ಎಂದೆಣಿಸಿ 0, 3, 7, 14, 28ನೆಯ ದಿನಗಳಂದು. ಚರ್ಮದೊಳಗೆ ಕೊಡುವುದಾದರೆ 0, 3, 7, 28ನೆಯ ದಿನಗಳಂದು. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಹೊಟ್ಟೆಗೆ ಹದಿನಾಲ್ಕು ಸೂಜಿಗಳೆಂಬ ಹಿರಿಯರ ಭಯಕ್ಕೆ ಈಗ ಆಧಾರವಿಲ್ಲ. ಆ ಹಳೆಯ ಲಸಿಕೆಯ ಬಳಕೆ ನಮ್ಮ ದೇಶದಲ್ಲಿ ನಿಂತು ಎರಡು ದಶಕಗಳಾದವು. ಕಚ್ಚಿದ ನಾಯಿಯನ್ನು ಕೊಲ್ಲದೆ ಹತ್ತು ದಿನ ಕಣ್ಣಿಟ್ಟು ನೋಡಬೇಕು, ಆದರೆ ಹತ್ತು ದಿನ ಕಾಯ್ದು ಆಮೇಲೆ ಸೂಜಿ ಎನ್ನಬಾರದು.

ಗಡಿಯ ಮಾತು

1956ರವರೆಗೆ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯವೇ ಆಗಿದ್ದವು. ಇಂದು ಪಶುವೈದ್ಯಕೀಯ ಮಹಾವಿದ್ಯಾಲಯ ಉದಗೀರದಲ್ಲಿಯೂ ಇದೆ, ಬೀದರದಲ್ಲಿಯೂ ಇದೆ. ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೇ ಬೀದರ. ಇಷ್ಟು ಹತ್ತಿರ ಇಷ್ಟು ವಿದ್ಯೆ ಇರುವ ಭಾಗ್ಯ ಬಹಳ ತಾಲೂಕುಗಳಿಗಿಲ್ಲ. ಆದರೆ ಔರಾದ ಶಹಾಜಾನಿಯಿಂದ ಭಾಲ್ಕಿಯ ಕಡೆಗೆ ಕುರಿಯ ಹಿಂದೆ ಹೋಗುವ ನಾಯಿಗೆ ರಾಜ್ಯದ ಗಡಿ ತಿಳಿಯದು. ಒಂದು ಕಡೆ ಅಭಿಯಾನ ನಡೆದು ಇನ್ನೊಂದು ಕಡೆ ನಡೆಯದಿದ್ದರೆ ಅರ್ಧ ಕೆಲಸ ಮಾತ್ರ ಆದಂತೆ. ಎರಡೂ ಕಡೆಯ ಗ್ರಾಮಪಂಚಾಯಿತಿಗಳು ಒಂದೇ ವಾರದಲ್ಲಿ ಶಿಬಿರ ನಡೆಸಬೇಕೆಂದು ನಾವು ಕೇಳುತ್ತಲೇ ಬಂದಿದ್ದೇವೆ.

ಭಾಷೆಯ ಮಾತೂ ಇದೆ. ಮರಾಠಿಯ "ಲಸೀಕರಣ" ಎಂಬ ಪದ ನಮ್ಮ ಅಜ್ಜಿಯರಿಗೂ ಅರ್ಥವಾದೀತು, ಆದರೆ ಫಲಕದ ಕೆಳಗಿನ ಸಣ್ಣ ಅಕ್ಷರಗಳಲ್ಲಿರುವ ದಿನಾಂಕಗಳ ವಿವರ ಅರ್ಥವಾಗದು. ಭಾಷಾ ಅಲ್ಪಸಂಖ್ಯಾತರ ರಕ್ಷಣೋಪಾಯಗಳ ಪ್ರಕಾರ, ಜನಸಂಖ್ಯೆಯಲ್ಲಿ ನೂರಕ್ಕೆ 15ರಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಮಾತನಾಡುವ ಭಾಷೆಯಲ್ಲಿ ಮುಖ್ಯ ಸೂಚನೆಗಳನ್ನು ಪ್ರಕಟಿಸಬೇಕು. ನಾಯಿಯ ಲಸಿಕೆಯ ಸೂಚನೆ ಮುಖ್ಯವಲ್ಲವೆಂದು ಯಾರು ಹೇಳಿಯಾರು? ಅದು ಬರುವವರೆಗೆ ಶಿಕ್ಷಕರೇ ಮಕ್ಕಳ ದಿನಚರಿ ಪುಸ್ತಕದ ಹಿಂಬದಿಯಲ್ಲಿ ಮನೆಯ ನಾಯಿಯ ಹೆಸರು, ಹುಟ್ಟಿದ ತಿಂಗಳು, ಹಾಕಿಸಿದ ಲಸಿಕೆ, ಮುಂದಿನ ದಿನಾಂಕ ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಬರೆಸಬಹುದು, ನಾವು ಬರೆಸುತ್ತಿದ್ದೇವೆ. ದಿನಾಂಕ ತಪ್ಪಿಹೋಗಿದ್ದರೆ ನಾಚಿಕೆಯಿಂದ ಬಿಟ್ಟುಬಿಡಬೇಡಿ. ಲೆಪ್ಟೊ ಲಸಿಕೆ ಬಹಳ ತಡವಾಗಿದ್ದರೆ ಮೊದಲಿನಿಂದ ಎರಡು ಸೂಜಿ ಬೇಕಾಗುತ್ತದೆ. ರೇಬೀಸ್, ಡಿಸ್ಟೆಂಪರ್, ಪಾರ್ವೊಗಳಿಗೆ ದೊಡ್ಡ ನಾಯಿಗೆ ಒಂದೇ ಸೂಜಿಯಿಂದ ಮತ್ತೆ ದಾರಿಗೆ ಬರಬಹುದು.