ಕೋವಿಯ ಹಾದಿಯಲ್ಲಿ ಕ್ಯಾಮೆರಾ

ಕಾಡಿನ ಹಾದಿಯನ್ನು ಮಾಡಿದವರು ಯಾರು? ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಮೇವಿನ ಜಾಗದಿಂದ ನೀರಿನ ಜಾಗಕ್ಕೆ ಆನೆ ನಡೆದದ್ದು ಮೊದಲ ಹಾದಿ. ಜೇನು, ಗೆಡ್ಡೆ ಗೆಣಸು ಹುಡುಕುತ್ತ ಅದೇ ಹಾದಿಯಲ್ಲಿ ಜೇನುಕುರುಬರು ಓಡಾಡಿದರು. ಅವರನ್ನು ಮುಂದಿಟ್ಟುಕೊಂಡು ಬೇಟೆಗಾರ ಬಂದ. ಮರ ಸಾಗಿಸುವುದಕ್ಕೆಂದು ಅರಣ್ಯ ಇಲಾಖೆ ಅದನ್ನೇ ಅಗಲ ಮಾಡಿ ಕೂಪಿನ ರಸ್ತೆಯೆಂದು ಕರೆಯಿತು. ಎಲ್ಲರಿಗಿಂತ ಕೊನೆಗೆ ಬಂದವನು ಕ್ಯಾಮೆರಾ ಹೊತ್ತವನು.

ಬಂಡೀಪುರ, ನಾಗರಹೊಳೆ, ರಂಗನತಿಟ್ಟು ಎಂದೊಡನೆ ಇಂದು ಬಹುಪಾಲು ಜನರ ಕಣ್ಣಮುಂದೆ ನಿಲ್ಲುವುದು ತಾವು ಕಂಡ ಕಾಡಲ್ಲ, ಕಂಡ ಚಿತ್ರ. ಕಬಿನಿ ಹಿನ್ನೀರಿನ ದಂಡೆಯಲ್ಲಿ ಸಾಲುಗಟ್ಟಿದ ಆನೆಗಳು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಹಾದಿಯ ನಡುವೆ ತಿರುಗಿ ನೋಡುತ್ತಿರುವ ಹುಲಿ. ಇವೆಲ್ಲ ನಿಸರ್ಗದ ನೇರ ಪ್ರತಿಬಿಂಬ ಎಂದು ಭಾವಿಸುವುದು ರೂಢಿಯಾಗಿದೆ. ಆದರೆ ಪ್ರತಿಯೊಂದು ಚಿತ್ರದ ಹಿಂದೆಯೂ ಒಂದು ತಂತ್ರವಿದೆ, ಒಂದು ಕಾಯ್ದೆಯಿದೆ, ಹೆಸರು ಬಾರದ ಹಲವರ ದುಡಿಮೆಯಿದೆ. ವನ್ಯಜೀವಿ ಛಾಯಾಗ್ರಹಣದ ಚರಿತ್ರೆಯನ್ನು ಕೆದಕುತ್ತ ಹೋದರೆ ಅದರ ಬೇರು ಸಿಗುವುದು ಬೇಟೆಯಲ್ಲೇ.

ಬೇಟೆಯ ಬಳುವಳಿ

1882ರಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮರೆ ಹಾರುವ ಹಕ್ಕಿಯ ರೆಕ್ಕೆಬಡಿತವನ್ನು ಅಭ್ಯಾಸ ಮಾಡಲು ಒಂದು ಉಪಕರಣ ಕಟ್ಟಿದ. ಅದಕ್ಕೆ ಕೋವಿಯಂತೆಯೇ ಉದ್ದನೆಯ ನಳಿಗೆ, ಹೆಗಲಿಗೆ ಆನಿಸುವ ಹಿಡಿ, ಬೆರಳಿನಿಂದ ಎಳೆಯುವ ಕೀಲು ಇದ್ದವು. ಎಳೆದರೆ ಗುಂಡು ಹಾರುತ್ತಿರಲಿಲ್ಲ. ಸೆಕೆಂಡಿಗೆ 12ರಂತೆ ಚಿತ್ರಗಳು ಮೂಡುತ್ತಿದ್ದವು. ಚಿತ್ರ ತೆಗೆಯುವುದಕ್ಕೂ ಗುಂಡು ಹೊಡೆಯುವುದಕ್ಕೂ ಇಂಗ್ಲಿಷಿನಲ್ಲಿ ‘ಶೂಟ್’ ಎಂಬ ಒಂದೇ ಮಾತಿರುವುದು ಬರಿಯ ಆಕಸ್ಮಿಕವಲ್ಲ ಎಂಬುದಕ್ಕೆ ಈ ಉಪಕರಣವೇ ಸಾಕ್ಷಿ.

ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಸೋದರರು ಮರೆಯಲ್ಲಿ ಕೂರುವ ಬೇಟೆಗಾರನ ವಿದ್ಯೆಯನ್ನು ಇನ್ನೂ ಮುಂದಕ್ಕೆ ಒಯ್ದರು. ಎತ್ತಿನ ಚರ್ಮವನ್ನು ಚೌಕಟ್ಟಿಗೆ ಹೊದಿಸಿ, ಆ ಟೊಳ್ಳು ಎತ್ತಿನ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ಕುಳಿತು ಹಕ್ಕಿಗಳಿಗಾಗಿ ಕಾದರು. 1895ರಲ್ಲಿ ಪ್ರಕಟವಾದ ಅವರ ಹಕ್ಕಿಗೂಡುಗಳ ಪುಸ್ತಕದಲ್ಲಿ ಚಿತ್ರಕಾರರ ಗೆರೆಗಳ ಬದಲು ನಿಸರ್ಗದಲ್ಲೇ ತೆಗೆದ ಛಾಯಾಚಿತ್ರಗಳಿದ್ದವು.

ಅಮೆರಿಕದಲ್ಲಿ ಜಾರ್ಜ್ ಶೈರಸ್ ಎಂಬ ವಕೀಲ ರಾತ್ರಿಯ ಕಾಡನ್ನು ಹಿಡಿಯಹೊರಟ. ದೋಣಿಯ ಮೂತಿಯಲ್ಲಿ ಬೆಂಕಿಯಿಟ್ಟುಕೊಂಡು, ಆ ಬೆಳಕಿಗೆ ಮರುಳಾಗಿ ನಿಂತ ಜಿಂಕೆಯನ್ನು ಹೊಡೆಯುವುದು ಅಲ್ಲಿನ ಒಜಿಬ್ವೆ ಮೂಲನಿವಾಸಿಗಳ ಬೇಟೆಯ ಕ್ರಮ. ಶೈರಸ್ ಅದನ್ನೇ ಕಲಿತು, ಕೋವಿಯ ಜಾಗದಲ್ಲಿ ಕ್ಯಾಮೆರಾ ಇಟ್ಟ. ಮೆಗ್ನೀಸಿಯಂ ಪುಡಿಯ ಮಿಂಚಿನಲ್ಲಿ ಕೆರೆಯಂಚಿನ ಜಿಂಕೆಗಳನ್ನು ಸೆರೆಹಿಡಿದ. 1906ರ ಜುಲೈ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಸಂಚಿಕೆ ಅವನ 74 ಚಿತ್ರಗಳನ್ನು ಒಟ್ಟಿಗೆ ಪ್ರಕಟಿಸಿತು. ಆ ವೇಳೆಗಾಗಲೇ, 1903ರಲ್ಲಿ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಫ್ಲಾರಿಡಾದ ಪೆಲಿಕನ್ ದ್ವೀಪವನ್ನು ಹಕ್ಕಿಗಳ ರಕ್ಷಿತ ತಾಣವೆಂದು ಘೋಷಿಸಿದ್ದ. ಹೆಂಗಸರ ಟೋಪಿಗೆ ಗರಿ ಒದಗಿಸಲು ಹಕ್ಕಿಗಳನ್ನು ಕೊಲ್ಲುತ್ತಿದ್ದ ಕಾಲ ಅದು. ಪ್ರಾಣಿಯನ್ನು ಕೊಲ್ಲದೆಯೂ ಮನೆಗೆ ಒಯ್ಯಬಹುದು ಎಂಬ ಕಲ್ಪನೆಯೂ ಪ್ರಾಣಿಗೆಂದೇ ನೆಲ ಬಿಡಬೇಕು ಎಂಬ ಕಲ್ಪನೆಯೂ ಹೀಗೆ ಜೊತೆಜೊತೆಯಾಗಿಯೇ ಬೆಳೆದವು.

ಹುಲಿ ತಾನೇ ತೆಗೆದುಕೊಂಡ ಚಿತ್ರ

ಭಾರತದಲ್ಲಿ ಈ ಬದಲಾವಣೆಗೆ ನಾಂದಿ ಹಾಡಿದವನು ಎಫ್.ಡಬ್ಲ್ಯು. ಚಾಂಪಿಯನ್. ಸಂಯುಕ್ತ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಈತನಿಗೆ ಬೇಟೆ ಸೇರುತ್ತಿರಲಿಲ್ಲ. ವೈಸರಾಯಿಗಳೂ ಮಹಾರಾಜರೂ ಸತ್ತ ಹುಲಿಯ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದೇ ಗೌರವವಾಗಿದ್ದ ದಿನಗಳಲ್ಲಿ ಅವನು ಬದುಕಿರುವ ಹುಲಿಯ ಚಿತ್ರಕ್ಕಾಗಿ ವರ್ಷಗಟ್ಟಲೆ ಕಾದ.

ಚಾಂಪಿಯನ್‌ನ ಉಪಾಯ ಸರಳ. ಹುಲಿ ರಾತ್ರಿಯ ತಿರುಗಾಟಕ್ಕೆ ಮುಳ್ಳುಪೊದೆಗಳಿಗಿಂತ ತೆರೆದ ಹಾದಿಯನ್ನೇ ಹೆಚ್ಚು ಇಷ್ಟಪಡುತ್ತದೆ. ಅಂಗಾಲು ಮೆತ್ತಗೆ, ನಡಿಗೆಗೆ ಸದ್ದಿಲ್ಲ. ಆ ಹಾದಿಗೆ ಅಡ್ಡವಾಗಿ ಸಣ್ಣ ತಂತಿ ಕಟ್ಟಿ, ಅದರ ತುದಿಯನ್ನು ಕ್ಯಾಮೆರಾಕ್ಕೂ ಮಿಂಚುಪುಡಿಗೂ ಜೋಡಿಸಿಟ್ಟರೆ, ಕಾಲು ತಾಗಿದ ಕೂಡಲೇ ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತದೆ. ಹೀಗೆ ತೆಗೆದ ಚಿತ್ರಗಳು 1925ರಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯಲ್ಲಿ ಅಚ್ಚಾದವು. 1927ರಲ್ಲಿ ಅವನ ಪುಸ್ತಕವೂ ಹೊರಬಂತು. ನರಭಕ್ಷಕಗಳ ಬೇಟೆಗಾರನೆಂದೇ ಹೆಸರಾದ ಜಿಮ್ ಕಾರ್ಬೆಟ್ ಮುಂದೆ ಕೋವಿಗಿಂತ ಸಿನಿಮಾ ಕ್ಯಾಮೆರಾವನ್ನು ಮೆಚ್ಚಿಕೊಳ್ಳುವುದಕ್ಕೂ ಚಾಂಪಿಯನ್‌ನ ಚಿತ್ರಗಳೇ ಪ್ರೇರಣೆ.

ಚಾಂಪಿಯನ್ ಮತ್ತೊಂದು ಸಂಗತಿಯನ್ನೂ ಗಮನಿಸಿದ. ಒಂದು ಹುಲಿಯ ಮೈಮೇಲಿನ ಪಟ್ಟೆ ಮತ್ತೊಂದರಂತಿಲ್ಲ. ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವ ಹುಲಿ ಯಾವುದೆಂದು ಗುರುತಿಸಬಹುದು. ಈ ಸಣ್ಣ ಗಮನಿಕೆ ಎಪ್ಪತ್ತು ವರ್ಷಗಳ ಬಳಿಕ ನಾಗರಹೊಳೆಯಲ್ಲಿ ಫಲ ಕೊಟ್ಟಿತು.

ಮೈಸೂರು ಸೀಮೆಯ ಕಥೆ

ಮೈಸೂರಿನ ಅರಣ್ಯಗಳಿಗೂ ಬೇಟೆಯ ನೆನಪು ಗಾಢವಾಗಿದೆ. ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧ. 1870ರ ದಶಕದಲ್ಲಿ ಸ್ಯಾಂಡರ್‌ಸನ್ ಆರಂಭಿಸಿದ ಆನೆ ಹಿಡಿಯುವ ಈ ಪದ್ಧತಿ 1971ರ ಖೆಡ್ಡಾದೊಂದಿಗೆ ಕೊನೆಗೊಂಡಿತು. ಕೆಲವೇ ವರ್ಷಗಳಲ್ಲಿ ಆ ನೆಲದ ಬಹುಭಾಗ ಕಬಿನಿ ಜಲಾಶಯದಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹೊರಬೀಳುವ ಹಸಿರು ಬಯಲಿಗೆ ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ಅಂದು ಹಗ್ಗ ಹಿಡಿದು ಕಾದ ಕಡೆಯಲ್ಲೇ ಮಸೂರ ಹಿಡಿದು ಕಾಯುವ ಕಾಲ ಬಂದದ್ದು ಹೀಗೆ.

ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರದಲ್ಲಿ 1931ರಲ್ಲಿ 90 ಚದರ ಕಿಲೋಮೀಟರ್ ವಿಸ್ತಾರದ ವೇಣುಗೋಪಾಲ ವನ್ಯಮೃಗ ಧಾಮ ರೂಪುಗೊಂಡಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ತಾಣಗಳಲ್ಲಿ ಅದೂ ಸೇರಿತು. ರಂಗನತಿಟ್ಟಿನ ಕಥೆ ಬೇರೆ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಅಣೆಯಿಂದ ಉಂಟಾದ ನಡುಗಡ್ಡೆಗಳವು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಅಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಕಂಡು ರಕ್ಷಣೆಗೆ ಶಿಫಾರಸು ಮಾಡಿದರು; 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೂ ಸೇರಿತು. ರೈತರ ಗದ್ದೆಗೆ ನೀರು ಹರಿಸಲು ಕಟ್ಟಿದ ಅಣೆ ಹಕ್ಕಿಗಳಿಗೆ ಮನೆ ಕೊಟ್ಟಿತೆಂಬುದು ನೆನಪಿಡಬೇಕಾದ ಮಾತು.

ಸ್ವಾತಂತ್ರ್ಯಾನಂತರದ ತಲೆಮಾರಿನಲ್ಲಿ ಕರ್ನಾಟಕ ಈ ಕಲೆಯ ತವರುಗಳಲ್ಲೊಂದಾಯಿತು. ಸೊಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ಎಪ್ಪತ್ತರ ದಶಕದಲ್ಲಿ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ಅವರ ಕಪ್ಪು ಬಿಳುಪಿನ ಚಿತ್ರಗಳಲ್ಲಿ ಬೆಳಕೇ ಕಥಾನಾಯಕ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಮತ್ತು ಇ. ಹನುಮಂತರಾವ್ ದೇಶದಾಚೆಗೂ ಹೆಸರಾದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ದೂರದ ಅಭಯಾರಣ್ಯಕ್ಕೆ ಹೋಗಬೇಕೆಂದಿಲ್ಲ, ಮನೆ ಸುತ್ತಲಿನ ತೋಟದ ಹಕ್ಕಿಯೇ ಸಾಕೆಂದು ತೋರಿಸಿಕೊಟ್ಟರು. ಮೈಸೂರಿನ ಕೃಪಾಕರ–ಸೇನಾನಿ ಬಂಡೀಪುರದ ಸೀಳುನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಮಾಡಿದ ‘ದಿ ಪ್ಯಾಕ್’ ಚಿತ್ರ 2010ರಲ್ಲಿ ‘ಹಸಿರು ಆಸ್ಕರ್’ ಎಂದು ಕರೆಯುವ ಪ್ರಶಸ್ತಿ ಪಡೆಯಿತು. ಕ್ರೂರಪ್ರಾಣಿಯೆಂದು ಒಂದು ಕಾಲಕ್ಕೆ ಬಹುಮಾನ ಕೊಟ್ಟು ಕೊಲ್ಲಿಸುತ್ತಿದ್ದ ಸೀಳುನಾಯಿಗೆ ಸಂಸಾರವೂ ಮಮತೆಯೂ ಉಂಟೆಂದು ಜನ ನಂಬಿದ್ದು ಇಂಥ ಚಿತ್ರಗಳಿಂದ.

ಗೂಡಿನ ಮುಂದೆ

ಆದರೆ ಕ್ಯಾಮೆರಾ ಕೋವಿಯಲ್ಲ ಎಂದ ಮಾತ್ರಕ್ಕೆ ಅದು ನಿರಪಾಯಕಾರಿಯೂ ಅಲ್ಲ. ರೋಲಿಗೆ 36 ಚಿತ್ರಗಳಷ್ಟೇ ಸಿಗುತ್ತಿದ್ದ, ಮಂದ ಬೆಳಕಿಗೆ ಫಿಲ್ಮು ಒಗ್ಗದ ಕಾಲದಲ್ಲಿ ಹಕ್ಕಿಯ ಚಿತ್ರಕ್ಕೆ ಖಚಿತ ಜಾಗವೆಂದರೆ ಗೂಡು. ಮರಿಗೆ ಗುಟುಕು ಕೊಡಲು ತಾಯಿ ಬಂದೇ ಬರಬೇಕು. ಗೂಡಿಗೆ ಅಡ್ಡವಾದ ಎಲೆ, ಕೊಂಬೆಗಳನ್ನು ಸರಿಸಿ, ಎದುರಿಗೆ ಮರೆ ಕಟ್ಟಿ ಕೂರುವುದು ಆಗ ಸರ್ವಸಮ್ಮತ ಕ್ರಮವಾಗಿತ್ತು. ಸರಿಸಿದ ಎಲೆ ಬರಿಯ ಎಲೆಯಾಗಿರಲಿಲ್ಲ. ಮರಿಗೆ ನೆರಳು, ಕಾಗೆ ಹದ್ದುಗಳ ಕಣ್ಣಿಗೆ ಪರದೆ. ಹೆದರಿದ ತಾಯಿ ಹತ್ತು ನಿಮಿಷ ದೂರ ಉಳಿದರೂ ಬಿಸಿಲಿಗೆ ಮೊಟ್ಟೆ ಕೆಡಬಹುದು. ಈ ಅರಿವು ಹರಡಿದಂತೆ ಗೂಡಿನ ಚಿತ್ರಗಳನ್ನು ಅನೇಕ ಪತ್ರಿಕೆಗಳೂ ಸ್ಪರ್ಧೆಗಳೂ ನಿರಾಕರಿಸತೊಡಗಿದವು.

ಕಾಯ್ದೆಯೂ ಈ ಮಾತನ್ನು ಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದೊಳಗೆ ಪ್ರವೇಶಕ್ಕೆ ಪರವಾನಗಿ ಕೊಡಬಹುದಾದ ಕಾರಣಗಳಲ್ಲಿ ಛಾಯಾಗ್ರಹಣವನ್ನೂ ಹೆಸರಿಸುತ್ತದೆ. 2022ರ ತಿದ್ದುಪಡಿ ಅದಕ್ಕೊಂದು ಷರತ್ತು ಸೇರಿಸಿತು: ನೆಲೆಯನ್ನು ಬದಲಿಸಕೂಡದು, ಜೀವಿಗೆ ಕೇಡಾಗಕೂಡದು. ಒಂದು ಕೊಂಬೆಯನ್ನು ಬಗ್ಗಿಸುವುದೂ ನೆಲೆಯ ಬದಲಾವಣೆಯೇ ಎಂದು ಅರ್ಥ ಮಾಡಿಕೊಂಡರೆ ಈ ಷರತ್ತು ಎಷ್ಟು ಬಿಗಿಯಾದದ್ದೆಂದು ತಿಳಿಯುತ್ತದೆ. ಫಿಲ್ಮಿನ ಖರ್ಚು ಇಲ್ಲವಾಗಿ, ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಬಂದಿರುವಾಗ ಅದರ ಅಗತ್ಯ ಮೊದಲಿಗಿಂತ ಹೆಚ್ಚು. ಒಬ್ಬ ಮಾಡಿದರೆ ಸಣ್ಣ ಉಪದ್ರವ. ಅದೇ ಗೂಡಿನ ಮುಂದೆ ದಿನಕ್ಕೆ ನೂರು ಮಂದಿ ನಿಂತರೆ ಹಕ್ಕಿ ಜಾಗ ಬಿಡುತ್ತದೆ.

ಪಟ್ಟೆಯ ಲೆಕ್ಕ

ಚಾಂಪಿಯನ್‌ನ ತಂತಿ ಮತ್ತೆ ಹಾದಿಗೆ ಬಂದದ್ದು 1990ರ ದಶಕದ ಆರಂಭದಲ್ಲಿ. ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನ ನಡೆಸುತ್ತಿದ್ದ ಡಾ. ಉಲ್ಲಾಸ ಕಾರಂತ ಹಾದಿಯ ಎರಡೂ ಬದಿಗೆ ಸ್ವಯಂಚಾಲಿತ ಕ್ಯಾಮೆರಾಗಳನ್ನು ಇರಿಸಿದರು. ಎರಡು ಬದಿ ಏಕೆಂದರೆ ಹುಲಿಯ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆಯಿಲ್ಲ. ಅಲ್ಲಿಯವರೆಗೆ ಹುಲಿಗಣತಿ ನಡೆಯುತ್ತಿದ್ದುದು ಹೆಜ್ಜೆಗುರುತಿನ ಮೇಲೆ. ಮಣ್ಣು ಮೆತ್ತಗಿದ್ದರೆ ಒಂದು ಅಳತೆ, ಗಟ್ಟಿಯಿದ್ದರೆ ಇನ್ನೊಂದು.

ಹೊಸ ಲೆಕ್ಕವನ್ನು ಕೆರೆಯ ಮೀನಿನಿಂದ ವಿವರಿಸಬಹುದು. ಕೆರೆಯಿಂದ 50 ಮೀನು ಹಿಡಿದು ಗುರುತು ಹಾಕಿ ಬಿಟ್ಟಿರೆನ್ನಿ. ಮರುದಿನ ಹಿಡಿದ 50ರಲ್ಲಿ 10 ಗುರುತಿನವು ಸಿಕ್ಕರೆ, ಗುರುತಿನವು ಐದನೆಯ ಒಂದು ಪಾಲು ಎಂದಾಯಿತು. ಕೆರೆಯಲ್ಲಿರುವುದು ಸುಮಾರು 250. ಹುಲಿಗೆ ಗುರುತು ಹಾಕುವ ಗೋಜಿಲ್ಲ, ಹುಟ್ಟುವಾಗಲೇ ಪಟ್ಟೆ ಹೊತ್ತು ಬಂದಿರುತ್ತದೆ. ಮೊದಲ ಸುತ್ತಿನಲ್ಲಿ ಚಿತ್ರಕ್ಕೆ ಸಿಕ್ಕವು ಮುಂದಿನ ಸುತ್ತಿನಲ್ಲಿ ಎಷ್ಟು ಮರಳಿ ಸಿಕ್ಕವು ಎಂಬುದೇ ಲೆಕ್ಕದ ತಿರುಳು. 1995ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಸರ್ಕಾರಿ ಮನ್ನಣೆ ಸಿಗಲು ಒಂದು ದುರಂತ ಬೇಕಾಯಿತು. ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂಬುದು 2005ರಲ್ಲಿ ಬಯಲಾದ ಮೇಲೆ ಹೆಜ್ಜೆಗುರುತಿನ ಗಣತಿಯನ್ನು ಕೈಬಿಡಲಾಯಿತು. 2006ರ ಹೊಸ ಅಂದಾಜು ದೇಶದಲ್ಲಿರುವುದು 1,411 ಹುಲಿ ಎಂದಿತು. 2018ರಲ್ಲಿ 26,838 ಕಡೆ ಕ್ಯಾಮೆರಾ ಇಟ್ಟಾಗ ಸಿಕ್ಕ ಚಿತ್ರಗಳು ಸುಮಾರು ಮೂರೂವರೆ ಕೋಟಿ. ಅದರಲ್ಲಿ ಹುಲಿಯವು 76,651. 2022ರ ಅಂದಾಜಿನಲ್ಲಿ ದೇಶದ ಹುಲಿಗಳು 3,682, ಕರ್ನಾಟಕದವು 563.

ಈ ಕೋಟಿಗಟ್ಟಲೆ ಚಿತ್ರಗಳಲ್ಲಿ ಬಹುಪಾಲಿಗೆ ಸೊಬಗಿಲ್ಲ. ಬಾಲವೊಂದೇ ಸಿಕ್ಕಿರುತ್ತದೆ, ಮುಖ ಚೌಕಟ್ಟಿನಾಚೆ ಹೋಗಿರುತ್ತದೆ. ಆದರೂ ಹುಲಿಯ ಉಳಿವಿಗೆ ಕ್ಯಾಮೆರಾ ಮಾಡಿದ ಉಪಕಾರಗಳಲ್ಲಿ ದೊಡ್ಡದು ಇದೇ.

ಚೌಕಟ್ಟಿನ ಆಚೆ

ನಿಸರ್ಗ ಛಾಯಾಚಿತ್ರದ ಅಂತರರಾಷ್ಟ್ರೀಯ ಸಲೂನ್‌ಗಳಿಗೆ ಒಂದು ಹಳೆಯ ನಿಯಮವಿದೆ: ಚಿತ್ರದಲ್ಲಿ ಮನುಷ್ಯನ ಸುಳಿವು ಇರಬಾರದು. ಚಿತ್ರಕ್ಕೆ ಮೋಸ ಬೆರೆಯಬಾರದೆಂಬ ಸದುದ್ದೇಶದ ನಿಯಮವೇನೋ ಹೌದು. ಆದರೆ ದಶಕಗಳ ಕಾಲ ಇಂಥ ಚಿತ್ರಗಳನ್ನೇ ನೋಡುತ್ತ ಬಂದ ಪೇಟೆಯ ಕಣ್ಣಿಗೆ ಕಾಡೆಂದರೆ ಮನುಷ್ಯರೇ ಇಲ್ಲದ ಜಾಗ ಎಂಬ ಭಾವನೆ ಊರಿಬಿಟ್ಟಿತು. ಮುರಿದ ಕಡ್ಡಿ, ಮಂಗನ ಎಚ್ಚರಿಕೆಯ ಕೂಗು, ಹಸಿ ಲದ್ದಿ ನೋಡಿ ಪ್ರಾಣಿಯ ಜಾಡು ಹೇಳಿದವರು ಜೇನುಕುರುಬ, ಬೆಟ್ಟಕುರುಬ ಸಮುದಾಯಗಳ ಜನ. ಬೇಟೆಯ ಕಾಲದಲ್ಲೂ ಕ್ಯಾಮೆರಾ ಕಾಲದಲ್ಲೂ ದಾರಿ ತೋರಿದವರು ಅವರೇ. ಚಿತ್ರದಲ್ಲಿ ಮಾತ್ರ ಅವರಿಲ್ಲ. ನಾಗರಹೊಳೆಯ ಹಾಡಿಗಳಿಂದ ಹೊರಬಂದ ಕುಟುಂಬಗಳ ಪ್ರಶ್ನೆ, 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಬಗೆಹರಿದು ಮುಗಿದಿಲ್ಲ.

ಈ ನಿಯಮ ಸೋಲುವ ಒಂದು ಜಾಗ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ, ಆಲದಂಥ ಮರಗಳಲ್ಲಿ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಹಕ್ಕಿಗಳನ್ನು ಊರಿನವರು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. 2007ರಲ್ಲಿ ಅದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿ ಹೆಂಚಿನ ಮಾಡು, ಅಂಗಳದ ದನ, ಆಡುವ ಮಕ್ಕಳನ್ನು ಬಿಟ್ಟು ಬರಿಯ ಹಕ್ಕಿಯ ಚಿತ್ರ ತೆಗೆದರೆ ಅದು ಚೆಂದದ ಚಿತ್ರವಾದೀತು. ಆ ಹಕ್ಕಿಗಳು ಅಲ್ಲಿ ಏಕೆ ಉಳಿದಿವೆ ಎಂಬುದನ್ನು ಮಾತ್ರ ಹೇಳಲಾರದು.